ಬಚ್ಚಲೊಲೆಯ ಸೀಸ

ಮರಳು ಎಂದರೆ ಮೊದಲಿಗೆ ನಾನು ನಂಬಲೇ ಇಲ್ಲ. ಘಟ್ಟದ ಮೇಲಿನ ಕಾರ್ಖಾನೆಯವರು ಫೋನ್ ಮಾಡಿ, "ಮೇಡಂ, ನಿಮ್ಮ ಲೋಡಿನಲ್ಲಿ ಮರಳು ಬಂದು ನಮ್ಮ ಕತ್ತರಿಸುವ ಯಂತ್ರದ ಬ್ಲೇಡು ಹೋಯ್ತು" ಎಂದಾಗ, "ನಾವು ಹಳೇ ಬ್ಯಾಟರಿ ಕಳಿಸುವವರು, ಮರಳು ಮಾರುವವರಲ್ಲ. ನಿಮ್ಮ ಕಡೆಯವರದೇ ಏನೋ ಕಿತಾಪತಿ ಇರಬೇಕು, ನೋಡಿ" ಎಂದು ದಬಾಯಿಸಿ ಫೋನ್ ಇಟ್ಟೆ. ನನ್ನ ಬಾಯಿ ಜೋರು ಎಂಬುದು ಬ್ರಹ್ಮಾವರದಿಂದ ಶಿರೂರಿನವರೆಗೆ ಬ್ಯಾಟರಿ ಅಂಗಡಿ ಇಟ್ಟವರಿಗೆಲ್ಲ ಗೊತ್ತು. ಸ್ವಲ್ಪ ಹೊತ್ತಿಗೆ ಫೋಟೊ ಬಂತು. ಸೀಳಿದ ಬ್ಯಾಟರಿ ಪೆಟ್ಟಿಗೆಯೊಳಗೆ, ಸೀಸದ ಫಲಕಗಳಿರಬೇಕಾದ ಜಾಗದಲ್ಲಿ, ಒದ್ದೆ ಮರಳು ಗಟ್ಟಿಯಾಗಿ ಕೂತಿತ್ತು. ನಾನೇ ತಿರುಗಿ ಫೋನ್ ಮಾಡಿ ತಪ್ಪಾಯಿತು ಎಂದೆ.

ಬ್ರಹ್ಮಾವರದ ಹೊರಗೆ ಹೆದ್ದಾರಿಗೆ ತಾಗಿದ ಒಂದು ಗೋದಾಮು ಆಗ ನನ್ನ ಸುಪರ್ದಿಯಲ್ಲಿತ್ತು. ಬ್ಯಾಟರಿ ಮಾಡಿ ಮಾರುವವರು ಸತ್ತ ಬ್ಯಾಟರಿಯನ್ನು ವಾಪಸು ಪಡೆದು ಸರಿಯಾದ ಕಾರ್ಖಾನೆಗೆ ಸೇರಿಸಬೇಕು ಎಂದು ಸರ್ಕಾರದ ನಿಯಮವಿದೆ. ಅವರು ಆ ಹೊಣೆಯನ್ನು ನಮ್ಮಂಥ ಸಂಸ್ಥೆಗಳ ತಲೆಗೆ ಕಟ್ಟುತ್ತಾರೆ. ನಾವು ಟೆಂಪೊ ಕಳಿಸಿ ಅಂಗಡಿಗಳಿಂದ ಹಳೆಯದನ್ನು ಎತ್ತಿ, ಆಸಿಡ್ ಚೆಲ್ಲದಂತೆ ನೆಟ್ಟಗೆ ನಿಲ್ಲಿಸಿ, ಬಿಗಿದು ಕಟ್ಟಿ ಮೇಲಕ್ಕೆ ಕಳಿಸುತ್ತೇವೆ. ಆ ಕಾರ್ಖಾನೆಯಲ್ಲಿ ಹೊಗೆ ಸೋಸುವ ಯಂತ್ರವಿದೆ, ಕೆಲಸಗಾರರಿಗೆ ರಕ್ತ ಪರೀಕ್ಷೆಯಿದೆ, ತೆರಿಗೆಯಿದೆ. ಇಷ್ಟೆಲ್ಲ ಖರ್ಚಾದ ಮೇಲೆ ಅವರು ಹಳೇ ಬ್ಯಾಟರಿಗೆ ಕೊಡಬಲ್ಲ ಬೆಲೆ ಗುಜರಿಯವನು ಕೊಡುವುದಕ್ಕಿಂತ ಕಡಿಮೆಯೇ. ಗುಜರಿಯವನಿಗೆ ಎಂಥ ಖರ್ಚು? ಊರಾಚೆ ಹಾಡಿಯ ಮರಗಳ ಮರೆಯಲ್ಲಿ ಒಂದು ಗುಂಡಿ, ಒಂದು ಬಾಣಲೆ. ಹೊಗೆಯನ್ನು ಗಾಳಿ ಒಯ್ಯುತ್ತದೆ, ಆಸಿಡ್ಡನ್ನು ನೆಲ ಕುಡಿಯುತ್ತದೆ. ನಿಯಮದ ಪ್ರಕಾರ ನಡೆದವನಿಗೆ ದಂಡ, ನಡೆಯದವನಿಗೆ ಲಾಭ. ಈ ವ್ಯವಹಾರದ ಬುಡದಲ್ಲಿರುವ ರೋಗ ಇದು.

ಈ ಅಂತರವನ್ನು ತುಂಬಲೆಂದೇ ನಮ್ಮ ಸಂಸ್ಥೆ ರಿಯಾಯಿತಿ ಯೋಜನೆ ತಂದಿತು. ಹಳೇ ಬ್ಯಾಟರಿ ಒಂದನ್ನು ಅಂಗಡಿಗೆ ಕೊಟ್ಟರೆ ಹೊಸದರ ಬೆಲೆಯಲ್ಲಿ ಇಂತಿಷ್ಟು ಕಡಿತ. ತೂಕದ ಮಾತಿಲ್ಲ, ಬ್ಯಾಟರಿ ಲೆಕ್ಕ. "ತೂಕ, ದರ ಅಂತ ಹೋದರೆ ಜನಕ್ಕೆ ತಲೆ ಕೆಡುತ್ತೆ. ಒಂದಕ್ಕೆ ಇಷ್ಟು ಅಂದರೆ ಎಲ್ಲರಿಗೂ ಅರ್ಥ ಆಗುತ್ತೆ" ಎಂದಿದ್ದರು ಬೆಂಗಳೂರಿನಲ್ಲಿದ್ದ ನಮ್ಮ ಮ್ಯಾನೇಜರು. ನನಗೂ ಆಗ ಸರಿಯೆನಿಸಿತ್ತು. ಮಳೆಗಾಲ ಹಿಡಿಯುವ ಹೊತ್ತಿಗೆ ಗೋದಾಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಡೀ ಕರಾವಳಿಯಲ್ಲಿ ನಮ್ಮ ಕೇಂದ್ರವೇ ಮುಂದು ಎಂದು ಮ್ಯಾನೇಜರು ಹೊಗಳಿದರು. ನಾನೂ ಉಬ್ಬಿದೆ, ಸುಳ್ಳೇಕೆ ಹೇಳಲಿ.

ಫೋಟೊ ಬಂದ ಮರುದಿನ ಕೈಗವಸು, ಕನ್ನಡಕ ಹಾಕಿಕೊಂಡು, ಟೆಂಪೊ ಚಾಲಕನನ್ನು ಸಹಾಯಕ್ಕೆ ಕರೆದು, ಗೋದಾಮಿನಲ್ಲಿದ್ದ ಬ್ಯಾಟರಿಗಳನ್ನೆಲ್ಲ ಒಂದೊಂದಾಗಿ ತಕ್ಕಡಿಗೆ ಹಾಕಿದೆ. ಬೈಂದೂರು ಕಡೆಯಿಂದ ಬಂದವುಗಳಲ್ಲಿ ಅರ್ಧಕ್ಕರ್ಧ ಹಗುರ. ಒಂದರ ಮುಚ್ಚಳದ ಅಂಚನ್ನು ಬೆಳಕಿಗೆ ಹಿಡಿದೆ. ಬಿಚ್ಚಿ ಮತ್ತೆ ಮುಚ್ಚಿದ್ದು ಕಾಣದಷ್ಟು ನುಣುಪಾಗಿ ಅಂಟು ಬಳಿದಿದ್ದರು. ಆ ಅಂಟು ನನಗೆ ಗೊತ್ತು. ಫೈಬರ್ ದೋಣಿಯ ಬಿರುಕಿಗೆ ಹಚ್ಚುವ ರಾಳ ಅದು. ಮುಚ್ಚಳ ಎಬ್ಬಿಸಿ ಮರಳನ್ನು ಗೋಣಿಯ ಮೇಲೆ ಸುರಿದರೆ ನಡುವೆ ಸಣ್ಣ ಸಣ್ಣ ಚಿಪ್ಪು. ಹೊಳೆ ಮರಳಲ್ಲ, ಕಡಲಿನದು.

"ಮೀನ್ ಹಿಡಿಯುವರ್ ಕೆಲ್ಸ" ಎಂದ ಚಾಲಕ. "ಬಲಿಗೆ ಸೀಸ ಬೇಕಲ್ದಾ ಅವ್ರಿಗೆ."

ಹೌದಲ್ಲ! ಬಲೆ ನೀರಲ್ಲಿ ಮುಳುಗಿ ನಿಲ್ಲಬೇಕಾದರೆ ಅಡಿಹಗ್ಗದ ಉದ್ದಕ್ಕೂ ಸೀಸದ ಗುಂಡು ಪೋಣಿಸಬೇಕು. ಕಡಲಿಗೆ ಇಳಿಯದ ಮಳೆಗಾಲದ ದಿನಗಳಲ್ಲಿ ಬಲೆ ರಿಪೇರಿ ಮಾಡುವಾಗ ಮನೆಯಲ್ಲೇ ಸೀಸ ಕರಗಿಸಿ ಅಚ್ಚಿಗೆ ಹೊಯ್ದುಕೊಳ್ಳುವುದು ಇಲ್ಲಿಯ ಹಳೇ ರೂಢಿ. ಮೊದಲೆಲ್ಲ ಗುಜರಿಯಿಂದ ಸ್ವಲ್ಪ ಸೀಸ ತಂದು ವರ್ಷಕ್ಕೊಮ್ಮೆ ಮಾಡುತ್ತಿದ್ದರು. ಈಗ ಬ್ಯಾಟರಿಯ ಹೊಟ್ಟೆ ಬಗೆದು ಸೀಸ ಇಟ್ಟುಕೊಂಡು, ಮರಳು ತುಂಬಿದ ಪೆಟ್ಟಿಗೆಗೆ ನಮ್ಮಿಂದ ರಿಯಾಯಿತಿಯನ್ನೂ ಪಡೆಯುತ್ತಿದ್ದರು. ಬುದ್ಧಿವಂತಿಕೆಗೆ ನಗು ಬಂತು. ಆದರೆ ಅಷ್ಟೂ ಸೀಸ ಎಲ್ಲಿ ಕರಗುತ್ತಿದೆ ಎಂದು ಯೋಚಿಸಿದ್ದೇ ನಗು ನಿಂತಿತು.

ಸ್ಕೂಟರ್ ತೆಗೆದುಕೊಂಡು ನೇರ ಬೈಂದೂರಿನ ಬಳಿಯ ಯಡ್ತರೆಗೆ ಹೋದೆ. ಹಗುರ ಬ್ಯಾಟರಿಗಳಲ್ಲಿ ಹೆಚ್ಚಿನವು ಅಲ್ಲಿಯ ಒಂದು ಅಂಗಡಿಯಿಂದ ಬಂದವು. ಅಂಗಡಿಯವನು ನನ್ನನ್ನು ಕಂಡದ್ದೇ ಚಹಾ ತರಿಸಲು ಹೊರಟ.

"ಚಾ ಆಮೇಲ್ ಕುಡಿವ. ಪೆಟ್ಗಿ ಎತ್ತುವಾಗ ಹಗುರ ಅಂದೇಳಿ ಕೈಗೆ ಗೊತ್ತಾತಿಲ್ಯಾ ನಿಮ್ಗೆ?" ಎಂದೆ.

"ಕೈಗೆ ಗೊತ್ತಾತ್ತ್ ಮೇಡಂ. ಬಾಯಂಗೆ ಹೇಳುಕ್ ಆತಿಲ್ಲೆ. ಹೇಳ್ರೆ ಗಿರಾಕಿ ಬದಿ ಅಂಗ್ಡಿಗೆ ಹೋತ್ರ್. ನಿಮ್ಮ ಲೆಕ್ಕ ಪೆಟ್ಗಿದ್ದ್ ಅಲ್ದಾ? ನಾನೆಂತ ಮುಚ್ಚಳ ತೆಗ್ದ್ ಕಾಂಬುದಾ?"

ಮೈ ಉರಿಯಿತು. ಆದರೆ ಅವನ ಮಾತಿನಲ್ಲಿ ತಪ್ಪು ಹುಡುಕಿದರೆ ಸಿಗಲಿಲ್ಲ. ತೂಕ ನೋಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ನೋಡಿದರೆ ಅವನಿಗೇ ನಷ್ಟ. ಕೊನೆಗೆ, ಕಿರಿಮಂಜೇಶ್ವರದ ಕಡಲ ಬದಿಯ ಒಂದು ಮನೆಯಿಂದ ಮೇಲಿಂದ ಮೇಲೆ ಬ್ಯಾಟರಿ ಬರುತ್ತದೆ, ಕೇರಿಯ ಎಲ್ಲರದನ್ನೂ ಅವರೇ ತರುತ್ತಾರೆ ಎಂದು ದಾರಿ ಹೇಳಿದ.

ಮಳೆ ಒಂದು ಗಳಿಗೆ ಬಿಟ್ಟಿತ್ತು. ತೆಂಗಿನ ಮರಗಳ ನಡುವಿನ ಹಂಚಿನ ಮನೆ. ಅಂಗಳದಲ್ಲಿ ತಾಡಪತ್ರಿ ಕಟ್ಟಿ ಅಡಿಯಲ್ಲಿ ಬಲೆ ಹರವಿದ್ದರು. ಮನೆಯ ತಾಯಿ, ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಯಾರು ಏನು ಎಂದು ಕೇಳುವ ಮೊದಲೇ "ಬನ್ನಿ ಬನ್ನಿ, ಕೂಕಣಿ, ಆಸ್ರಿಗ್ ಎಂತ ಕೊಡ್ಲಿ?" ಎನ್ನುತ್ತ ಕುಡಿಯಲು ನೀರು ಬೆಲ್ಲ ತಂದಿಟ್ಟರು. ಬ್ಯಾಟರಿ ಕಂಪನಿಯವಳು ಎಂದಾಗಲೂ ಮುಖ ಸಣ್ಣದಾಗಲಿಲ್ಲ. ಮುಚ್ಚಿಡುವಂಥದ್ದು ಏನೂ ಇದೆಯೆಂದು ಅವರಿಗೆ ಅನಿಸಿರಲೇ ಇಲ್ಲ. ಸೀಸ ಎಲ್ಲಿ ಕರಗಿಸುತ್ತೀರಿ ಎಂದರೆ, "ಮತ್ತೆಲ್ಲಿ? ಬಚ್ಚಲ್ ಒಲಿಯಂಗೆ" ಎಂದು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರು.

ಬಚ್ಚಲು ಮನೆಯ ಒಲೆ ಎಂದರೆ ನಮ್ಮ ಕಡೆ ದಿನವೂ ಉರಿಯುವ ಒಲೆ. ಮೇಲೆ ಸ್ನಾನದ ನೀರಿನ ಹಂಡೆ. ಆ ಮನೆಯಲ್ಲಿ ಹಂಡೆ ಇಳಿಸಿ, ಕಬ್ಬಿಣದ ಬಾಣಲೆ ಇಟ್ಟು, ಮಗ ಸೀಸ ಕರಗಿಸುತ್ತಿದ್ದ. ಮಳೆಯ ಎರಚಲಿಗೆಂದು ಓರೆಮಾಡಿದ ಬಾಗಿಲು ಹಾಗೇ ಇತ್ತು. ಒಳಗೆ ಗಂಟಲಿಗೆ ಹಿಡಿಯುವ ಹೊಗೆ. ಗೋಡೆಯ ಮೇಲೆ, ನೀರಿನ ಚೆಂಬಿನ ಮೇಲೆ ಬೂದುಬಣ್ಣದ ಪುಡಿ. ಒಲೆಯ ಪಕ್ಕದ ಬಿಸಿಗೆ, ಮಣೆಯ ಮೇಲೆ ಕೂತು, ಮನೆಯ ಮಗಳು ತಲೆಕೂದಲು ಒಣಗಿಸಿಕೊಳ್ಳುತ್ತಿದ್ದಳು. ಅವಳು ಬಸುರಿ, ಹೊಟ್ಟೆ ಮುಂದೆ ಬಂದಿತ್ತು.

ನಾನು ಬಾಗಿಲನ್ನು ಪೂರ್ತಿ ತಳ್ಳಿ ತೆರೆದೆ.

"ಏಳಿ ಮಾರಾಯ್ತಿ, ಮೊದ್ಲ್ ಇಲ್ಲಿಂದ ಏಳಿ!" ಎಂದು ಕೂಗಿದೆ. ಎಲ್ಲರೂ ಹಾವು ಬಂತೇನೋ ಎಂಬಂತೆ ನೆಲ ನೋಡಿದರು.

ಹೆರಿಗೆಗೆಂದು ತವರಿಗೆ ಬಂದವಳು. ದಿನ ತುಂಬಲು ಇನ್ನೂ ಎರಡು ತಿಂಗಳಿತ್ತು. ಹೆತ್ತ ಮೇಲೆ ಬಾಣಂತಿಗೂ ಮಗುವಿಗೂ ಇದೇ ಬಚ್ಚಲಲ್ಲಿ, ಇದೇ ಒಲೆಯ ಬಿಸಿನೀರಲ್ಲಿ ದಿನಕ್ಕೆರಡು ಸಲ ಮೀಯಿಸುವುದು. ಅಷ್ಟೇ ಆಗಿದ್ದರೆ ಬೇರೆ ಮಾತು. ನಾನು ಹಿತ್ತಿಲಿಗೆ ಹೋದರೆ, ಪಾತ್ರೆ ತೊಳೆಯುವ ಕಲ್ಲಿನ ಮೇಲೆ ತೆಂಗಿನ ಕರಟದ ತುಂಬ ಅದೇ ಒಲೆಯ ಬೂದಿ. ಅನ್ನದ ಪಾತ್ರೆಯನ್ನು ಅದರಲ್ಲೇ ಉಜ್ಜುವುದು. ಉಳಿದ ಬೂದಿ ಬಸಳೆ ಚಪ್ಪರದ ಬುಡಕ್ಕೆ. ದಪ್ಪ ದಪ್ಪ ಎಲೆ ಬಿಟ್ಟು ಬಸಳೆ ಹುಲುಸಾಗಿ ಹಬ್ಬಿತ್ತು. ಬಸುರಿಗೆ ಒಳ್ಳೆಯದು ಎಂದು ದಿನ ಬಿಟ್ಟು ದಿನ ಬಸಳೆ ಹುಳಿ ಮಾಡಿ ಬಡಿಸುತ್ತಿದ್ದರು.

"ಬೂದಿಯಂಗೆ ಎಂತ ಇತ್ತ್?" ಎಂದರು ತಾಯಿ. "ಬೆಂಕಿಯಂಗೆ ಬೆಂದದ್ದ್ ಎಲ್ಲ ಶುದ್ಧ ಅಲ್ದಾ?"

ಸೀಸ ಬೆಂದರೆ ಸಾಯುವ ವಸ್ತುವಲ್ಲ ಎಂದು ನಾನು ಹೇಳಿದೆ. ಹೊಗೆಯಾಗಿ ಏರಿ ಪುಡಿಯಾಗಿ ಇಳಿಯುತ್ತದೆ, ಬೂದಿಯಲ್ಲಿ ಕೂರುತ್ತದೆ, ಕಣ್ಣಿಗೆ ಕಾಣದೆ ಹೊಟ್ಟೆ ಸೇರುತ್ತದೆ, ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೂ ಹೋಗುತ್ತದೆ ಎಂದೆ. ಹೇಳುತ್ತ ಹೇಳುತ್ತ ಗಂಟಲು ಏರಿತು. ನನ್ನ ಕರ್ಮ, ಮೆತ್ತಗೆ ಮಾತಾಡಲು ಬರುವುದಿಲ್ಲ. ತಾಯಿಗೆ ಸಿಟ್ಟು ಬಂತು. ಶುಭ ಕೆಲಸದ ಮನೆಗೆ ಬಂದು ಅಪಶಕುನ ನುಡಿಯಬೇಡಿ ಎಂದರು. ಮಗ ಬಾಣಲೆ ಬಿಟ್ಟು ಎದ್ದು ಬಂದ.

"ಹ್ವಾಯ್, ಒಂದ್ ಮಾತ್ ಕೇಂತೆ. ಇಡೀ ಬ್ಯಾಟ್ರಿ ಕೊಟ್ರೂ ನೀವ್ ಕೊಡುದ್ ಅಷ್ಟೇ, ಖಾಲಿ ಪೆಟ್ಗಿ ಕೊಟ್ರೂ ಅಷ್ಟೇ. ಅಂಬಗೆ ಸೀಸ ಎಂತಕ್ಕೆ ಕೊಡುದ್? ಅಂಗ್ಡಿಯಂಗೆ ಗುಂಡಿನ್ ರೇಟ್ ಗೊತ್ತಿತ್ತಾ ನಿಮ್ಗೆ?"

ಆ ಹುಡುಗ ಮೋಸಗಾರನಲ್ಲ. ನಾವು ಬರೆದ ಯೋಜನೆಯನ್ನು ನಮಗಿಂತ ಸರಿಯಾಗಿ ಓದಿಕೊಂಡಿದ್ದ, ಅಷ್ಟೇ. ವಿಷದ ವಸ್ತು ಮನೆ ಬಿಟ್ಟು ಹೋಗಲಿ ಎಂದು ನಾವು ಕೊಟ್ಟ ಹಣವೇ ಅದನ್ನು ಮನೆಯೊಳಗೆ ಬಿಚ್ಚಿಸಿತ್ತು.

ಆಗ ಮಗಳು ಮಾತಾಡಿದಳು. "ಅಮ್ಮ, ಇವ್ರ್ ಹೇಳುದ್ ಒಂಚೂರ್ ಕೇಣ್. ನಂಗೆ ಬಾಯಂಗೆ ಕಬ್ಣ ಚೀಪಿದಂಗೆ ಆತ್ತ್. ಹೊಟ್ಟಿ ಹಿಂಡ್ತ್. ಬಸ್ರಂಗೆ ಹಂಗೇ ಅಂದ್ ಹೇಳಿದ್ಯಲೆ ನೀನ್." ನಂತರ ನನ್ನ ಕಡೆ ತಿರುಗಿ, "ರಕ್ತ ಕಾಣ್ಸಿದ್ರೆ ಗೊತ್ತಾತ್ತಾ? ನಾ ಬತ್ತೆ" ಎಂದಳು. ತಾಯಿ ಒಲೆಯ ಕಡೆಗೊಮ್ಮೆ, ಮಗಳ ಹೊಟ್ಟೆಯ ಕಡೆಗೊಮ್ಮೆ ನೋಡಿದರು. ಆಮೇಲೆ ಬಗ್ಗಿ ಒಲೆಯ ಕೊಳ್ಳಿ ಹೊರಗೆಳೆದರು.

ದೊಡ್ಡಾಸ್ಪತ್ರೆಯಲ್ಲಿ ರಕ್ತ ಕೊಟ್ಟು ಬಂದೆವು. ಫಲಿತಾಂಶಕ್ಕೆ ಕೆಲವು ದಿನ ಕಾಯಬೇಕಿತ್ತು. ಅಲ್ಲಿಂದ ಗೋದಾಮಿಗೆ ಹೊರಡುವಾಗಲೇ ಮ್ಯಾನೇಜರ ಫೋನ್. ಮರಳು ತುಂಬಿದವರ ಹೆಸರು, ವಿಳಾಸ ಬೇಕು, ವಂಚನೆಯ ದೂರು ಕೊಡಬೇಕು ಎಂದರು. ನಾನು ಬಸುರಿಯ ವಿಷಯ ಹೇಳಿದೆ.

"ಅಯ್ಯೋ ಪಾಪ" ಎಂದರು. ನಿಜವಾಗಿಯೇ ಮರುಗಿದರು. ಆಮೇಲೆ, "ಆದರೆ ಅದು ನಮ್ಮ ವ್ಯಾಪ್ತಿಗೆ ಬರಲ್ಲ ಅಲ್ವಾ? ನೀವು ಹೆಸರು ಕಳಿಸಿ" ಎಂದರು.

ಹೆಸರು ಕೊಟ್ಟರೆ ಪೊಲೀಸರು ಆ ಅಂಗಳಕ್ಕೆ ಬರುತ್ತಾರೆ, ಕೇರಿಯ ಉಳಿದ ಮನೆಗಳು ಬಾಣಲೆಯನ್ನು ಇನ್ನೂ ಒಳಗೆ, ಇನ್ನೂ ಗಾಳಿಯಿಲ್ಲದ ಕಡೆಗೆ ಒಯ್ಯುತ್ತವೆ. ಕೊಡದಿದ್ದರೆ ನನ್ನ ಕೆಲಸ ಹೋಗುತ್ತದೆ. ದಾರಿಯುದ್ದಕ್ಕೂ ಇದೇ ತಲೆಬಿಸಿ. ಗೋದಾಮಿಗೆ ಬಂದು ಇಳಿಯುವಾಗ ತೀರ್ಮಾನವಾಗಿತ್ತು. ಹೆಸರು ಕೊಡುವುದಿಲ್ಲ. ಪೆಟ್ಟಿಗೆ ಲೆಕ್ಕದ ರಿಯಾಯಿತಿಯನ್ನು ನನ್ನ ಕೇಂದ್ರದ ಮಟ್ಟಿಗೆ ನಾನೇ ನಿಲ್ಲಿಸುತ್ತೇನೆ.

ಅಂಗಡಿ ಅಂಗಡಿಗೆ ತಕ್ಕಡಿ ಇಡಿಸಿದೆ. ಪೂರ್ತಿ ತೂಕದ, ಮುಚ್ಚಳ ಬಿಚ್ಚದ ಬ್ಯಾಟರಿಗೆ ಮಾತ್ರ ರಿಯಾಯಿತಿ ಎಂದೆ. ಬ್ಲೇಡು ಕಳೆದುಕೊಂಡ ಕಾರ್ಖಾನೆಯವರ ಕಾಲು ಹಿಡಿದು, ಅವರಲ್ಲೇ ಸೀಸದ ಗುಂಡು ಎರಕ ಹೊಯ್ಯಿಸಿ, ಇಡೀ ಬ್ಯಾಟರಿ ತಂದ ಮೀನುಗಾರರಿಗೆ ಅದನ್ನು ಎರಕದ ಖರ್ಚಿಗೇ ಕೊಡಿಸುವ ಏರ್ಪಾಟು ಮಾಡಿದೆ. ಬಲೆಗೆ ಗುಂಡು ಬೇಕೇ ಬೇಕು. ಅದು ತಯಾರಾಗಿ ಸಿಕ್ಕಿದರೆ ಬಚ್ಚಲಲ್ಲಿ ಯಾರು ಕಣ್ಣು ಉರಿಸಿಕೊಳ್ಳುತ್ತಾರೆ? ಮೊದಲ ಲೋಡಿನ ಗುಂಡುಗಳನ್ನು ಕಿರಿಮಂಜೇಶ್ವರದಲ್ಲಿ ಇಳಿಸುವಾಗ ಆ ಮಗನೇ ಮುಂದೆ ಬಂದು ಕೇರಿಯವರಿಗೆ ಹಂಚಿದ.

ಇದಕ್ಕೆಲ್ಲ ಮೊದಲೇ ರಕ್ತದ ಫಲಿತಾಂಶ ಬಂದಿತ್ತು. ಇರಬಾರದಷ್ಟು ಸೀಸ. ಮಗಳನ್ನು ಅಂದೇ ಆ ಮನೆಯಿಂದ ಬೈಂದೂರಿನ ಚಿಕ್ಕಮ್ಮನ ಮನೆಗೆ ಕಳಿಸಿದೆವು.

ಒಲೆ ಒಡೆಯುವ ಕೆಲಸ ಉಳಿಯಿತು. ಗುದ್ದಲಿ ಎತ್ತಿದ ಮಗನನ್ನು ತಡೆದೆ. ಒಣಗಿದ್ದನ್ನು ಒಡೆದರೆ, ಗುಡಿಸಿದರೆ ಪುಡಿಯೆಲ್ಲ ಮತ್ತೆ ಗಾಳಿಗೆ. ಗೋಡೆಯಿಂದ ನೆಲದವರೆಗೆ ನೀರು ಚಿಮುಕಿಸಿ ಒದ್ದೆ ಮಾಡಿ, ಮುಖಕ್ಕೆ ಮಾಸ್ಕು ಕಟ್ಟಿ, ಒಲೆಯ ಕಲ್ಲು, ಮಣ್ಣು, ಬೂದಿ ಎಲ್ಲವನ್ನೂ ಡ್ರಮ್ಮಿಗೆ ತುಂಬಿದೆವು. ನೆಲವನ್ನು ಸಾಬೂನು ನೀರಿನಲ್ಲಿ ಒರೆಸಿ ಆ ಬಟ್ಟೆಯನ್ನೂ ಡ್ರಮ್ಮಿಗೇ ಹಾಕಿದೆವು, ಕಾರ್ಖಾನೆಗೆ ಹೋಗುವ ಲೋಡಿನಲ್ಲಿ ಕಳಿಸಲೆಂದು. ಬಸಳೆಯನ್ನು ತಾಯಿ ತಾವೇ ಬುಡಸಮೇತ ಕಿತ್ತರು. ಬುಡದ ಮಣ್ಣನ್ನು ಮೊಣಕೈ ಆಳಕ್ಕೆ ತೆಗೆದೆವು. ತೆಗೆದಷ್ಟೂ ಕೆಳಗೆ ಬೂದಿಯ ಬಣ್ಣವೇ ಕಾಣುತ್ತಿತ್ತು. ಎಷ್ಟು ವರ್ಷದ ಬೂದಿಯೋ. ಒಂದು ಹಂತಕ್ಕೆ ಮಗ ಹಾರೆ ಕೆಳಗಿಟ್ಟು, "ಇದ್ ಮುಗಿತಿಲ್ಲೆ ಮೇಡಂ" ಎಂದ. ಬಾವಿ ಅಲ್ಲಿಂದ ದೂರವೇನಿರಲಿಲ್ಲ. ಅವನು ಬಾವಿಯ ಕಡೆ ನೋಡಿದ, ನಾನೂ ನೋಡಿದೆ. ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದೆ. ಉತ್ತರ ಬರುವವರೆಗೆ ಪಂಚಾಯಿತಿ ನಲ್ಲಿಯ ನೀರೇ ಕುಡಿಯಿರಿ ಎಂದೆ.

ಇತ್ತ ನಮ್ಮ ಕೇಂದ್ರದ ಬ್ಯಾಟರಿಗಳ ಸಂಖ್ಯೆ ದಬಕ್ಕನೆ ಬಿತ್ತು. ಬೀಳಲೇಬೇಕಿತ್ತು, ಮರಳಿನ ಪೆಟ್ಟಿಗೆಗಳು ನಿಂತವಲ್ಲ. ಬಂದ ಸೀಸದ ತೂಕ ಮೊದಲಿಗಿಂತ ಹೆಚ್ಚಿತ್ತು. ಅದನ್ನು ಹೇಳಿದರೆ ಮ್ಯಾನೇಜರು, "ಮೇಲಿನವರಿಗೆ ಹೋಗುವ ವರದಿಯಲ್ಲಿ ಸಂಖ್ಯೆಯ ಕಾಲಂ ಇದೆ, ತೂಕದ್ದು ಕಾರ್ಖಾನೆಯವರ ಲೆಕ್ಕ" ಎಂದರು. ಇಷ್ಟೆಲ್ಲ ಬದಲಾಯಿಸಲು ನಿಮಗೆ ಅಧಿಕಾರ ಕೊಟ್ಟವರು ಯಾರು ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಹೆಸರುಗಳನ್ನು ಕೊನೆಗೂ ಕೊಡುವುದಿಲ್ಲವೇ ಎಂದರು. ಇಲ್ಲ ಎಂದೆ. ವಾರ ಕಳೆಯುವುದರೊಳಗೆ ಗೋದಾಮಿನ ಕೀಲಿಕೈ ನನ್ನಿಂದ ಬೇರೊಬ್ಬರ ಕೈಗೆ ಹೋಯಿತು. ಹಳೇ ಯೋಜನೆ ಮತ್ತೆ ಶುರುವಾಯಿತು. ಚೆನ್ನಾಗಿ ನಡೆಯುತ್ತಿದೆಯೆಂದು ಅದನ್ನು ಇನ್ನೂ ಕೆಲವು ಜಿಲ್ಲೆಗಳಿಗೆ ವಿಸ್ತರಿಸಿದ್ದಾರೆ ಎಂದು ಚಾಲಕ ಹೇಳಿದ. ಶಿರೂರಿನ ಕಡೆಯಿಂದ ಬರುವ ಬ್ಯಾಟರಿಗಳು ಈಗ ಹಗುರವಂತೆ. ಮರಳಲ್ಲ, ಸಿಮೆಂಟು ತುಂಬುತ್ತಿದ್ದಾರಂತೆ. ಅಲ್ಲಿ ಯಾವ ಯಾವ ಮನೆಯ ಒಲೆಯ ಮೇಲೆ ಬಾಣಲೆ ಏರಿದೆಯೋ ನನಗೆ ಗೊತ್ತಿಲ್ಲ.

ಹೆರಿಗೆಯಾದ ಸುದ್ದಿ ಬಂದಾಗ ಆಸ್ಪತ್ರೆಗೆ ಓಡಿದೆ. ಹೆಣ್ಣುಮಗು. ದಿನ ತುಂಬುವ ಮೊದಲೇ ಹುಟ್ಟಿತ್ತು, ಸಣ್ಣದಾಗಿತ್ತು, ಆದರೆ ಅತ್ತಿತು, ಹಾಲು ಹಿಡಿಯಿತು. ಹೊಕ್ಕುಳ ಬಳ್ಳಿಯ ರಕ್ತ ಪರೀಕ್ಷಿಸಿದ್ದರು. ವೈದ್ಯೆ ನಮ್ಮನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಮಗುವಿನ ರಕ್ತದಲ್ಲೂ ಸೀಸವಿದೆ. ಒಲೆಯಿಂದ ಕೊನೆಯ ತಿಂಗಳುಗಳಲ್ಲಿ ಬಂದದ್ದು ಮಾತ್ರವಲ್ಲ. ಮಗುವಿನ ತಾಯಿ ಚಿಕ್ಕಂದಿನಿಂದ ಆ ಮನೆಯಲ್ಲಿ ಬೆಳೆದವಳು, ಸೀಸ ಎಲುಬಿನಲ್ಲಿ ಕೂತಿರುತ್ತದೆ. ಹೊಟ್ಟೆಯ ಮಗು ತನ್ನ ಎಲುಬು ಕಟ್ಟಿಕೊಳ್ಳುವಾಗ ತಾಯಿಯ ಎಲುಬಿನಿಂದ ಸುಣ್ಣದ ಅಂಶ ಎಳೆದುಕೊಳ್ಳುತ್ತದೆ, ಅದರ ಜೊತೆಗೆ ಇದೂ ಬರುತ್ತದೆ. ಹಾಲು ಕುಡಿಸಿ, ನಿಲ್ಲಿಸಬೇಡಿ, ಆದರೆ ಮಗುವಿನ ರಕ್ತವನ್ನು ಆಗಾಗ ನೋಡುತ್ತಿರಬೇಕು. ಮುಂದೆ ಮಾತು, ಕಲಿಕೆ ಹೇಗಿರುತ್ತದೆ ಎಂದು ಈಗಲೇ ಹೇಳಲಾಗದು ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಬಾಣಂತಿಯ ತಾಯಿ ಸೆರಗಿನ ಅಂಚು ತಿರುಚುತ್ತಿದ್ದರು.

"ಇವ್ಳಿಗಿಂತ ಮುಂಚೆ ನಂಗೆ ಎರಡ್ ಹೋಯ್ತ್" ಎಂದರು. "ಒಂದ್ ಹೊಟ್ಟಿಯಂಗೇ ಹೋಯ್ತ್. ಇನ್ನೊಂದ್ ಹುಟ್ಟಿ ಕೂಗ್ಲೇ ಇಲ್ಲೆ. ನನ್ ಅತ್ತಿ ಸಾಯುವರಿಗೂ ನನ್ ಹೊಟ್ಟಿಯೇ ಸರಿ ಇಲ್ಲೆ ಅಂದ್ ಬೈದ್ರ್. ನಾನೂ ಹಂಗೇ ಅಂದ್ಕಂಡಿದ್ದೆ." ನನ್ನ ಮುಖ ನೋಡಿದರು. "ಅದೂ ಇದ್ರಿಂದ್ಲೇ ಆದ್ದಾ?"

ಇರಬಹುದು ಎಂದೆ. ಈಗ ತಿಳಿಯುವ ದಾರಿಯಿಲ್ಲ ಎಂದೆ.

ಅಷ್ಟರಲ್ಲಿ ದಾದಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು, "ಅಜ್ಜಿ, ಹಿಡ್ಕಣಿ" ಎಂದಳು. ಅವರು ಎರಡೂ ಕೈ ಚಾಚಿದರು. ಚಾಚಿದ ಕೈಯನ್ನೇ ನೋಡಿ ಹಿಂದಕ್ಕೆಳೆದುಕೊಂಡು, ನಲ್ಲಿ ಎಲ್ಲಿದೆ ಎಂದು ಕೇಳಿದರು. ಮೂಲೆಯ ತೊಟ್ಟಿಯಲ್ಲಿ ಮೊಣಕೈವರೆಗೆ ಸೋಪು ಹಾಕಿ ತೊಳೆದರು. ಸೆರಗಿನಿಂದ ಒರೆಸಿಕೊಳ್ಳಲು ಹೋದವರು ಸೆರಗು ಬಿಟ್ಟು, ಮತ್ತೆ ಸೋಪು ತೆಗೆದುಕೊಂಡರು. ದಾದಿ ಮಗುವನ್ನು ಎತ್ತಿಕೊಂಡು ಕಾಯುತ್ತಿದ್ದಳು, ಅವರು ತೊಳೆಯುತ್ತಲೇ ಇದ್ದರು.